ವಯಸ್ಸಾದ ನಾಯಿ ರಾತ್ರಿಯಿಡೀ ಒದ್ದಾಡುತ್ತಿದ್ದರೆ: ಕಾರಣ ಹುಡುಕುವ, ನಿದ್ದೆ ತರಿಸುವ ದಾರಿ

ಹತ್ತು ಹನ್ನೆರಡು ವರ್ಷ ಜಗಲಿ ಕಾದ ನಾಯಿ ಇದ್ದಕ್ಕಿದ್ದಂತೆ ನಡುರಾತ್ರಿ ಎದ್ದು ಊಳಿಡಲು ಶುರುಮಾಡಿದರೆ ನಮ್ಮ ಕಡೆ ಮೊದಲು ಬರುವ ಮಾತು ‘ಅಪಶಕುನ’. ಎರಡನೆಯದು ‘ವಯಸ್ಸಾಯ್ತಲ್ಲ, ಇನ್ನು ಹೀಗೇ’. ಮೊದಲ ಮಾತಿನಿಂದ ನಾಯಿ ಕೊಟ್ಟಿಗೆಯ ಕಂಬ ಸೇರುತ್ತದೆ, ಎರಡನೆಯದರಿಂದ ಡಾಕ್ಟರ ಬಳಿ ಹೋಗುವುದು ತಪ್ಪುತ್ತದೆ. ಎರಡೂ ಅನ್ಯಾಯವೇ. ಮುಪ್ಪು ಕಾಯಿಲೆಯಲ್ಲ. ರಾತ್ರಿಯ ಒದ್ದಾಟದ ಹಿಂದೆ ಹೆಚ್ಚಾಗಿ ಒಂದು ಕಾರಣ ಇರುತ್ತದೆ, ಕೆಲವೊಮ್ಮೆ ಎರಡು ಮೂರು ಸೇರಿಕೊಂಡಿರುತ್ತವೆ: ಸಂದುನೋವು, ಮೂತ್ರದ ಒತ್ತಡ, ಹೃದಯದ ತೊಂದರೆ, ಮಂಜಾದ ಕಣ್ಣು, ಕೇಳದ ಕಿವಿ, ಸವೆಯುತ್ತಿರುವ ಮಿದುಳು. ಎಲ್ಲವೂ ಪೂರ್ತಿ ಗುಣವಾಗುವಂಥವಲ್ಲ, ಆದರೆ ಬಹುಪಾಲು ಸಂಕಟ ಇಳಿಸಲು ಬರುತ್ತದೆ. ಯಾವುದನ್ನು ಮೊದಲು ನೋಡಬೇಕು ಎನ್ನುವುದು ಗೊತ್ತಿದ್ದರೆ ಅರ್ಧ ಕೆಲಸ ಆದಂತೆ. ನಿದ್ದೆ ಮಾತ್ರೆಯ ಮಾತು ಕೊನೆಗೆ.

ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ನಂಥ ದೊಡ್ಡ ತಳಿಗಳಿಗೆ 7–8 ವರ್ಷಕ್ಕೇ ಮುಪ್ಪು ಶುರು. ಊರ ನಾಯಿ, ಪೊಮೆರೇನಿಯನ್‌ಗಳಿಗೆ 10–11 ಎಂದು ಇಟ್ಟುಕೊಳ್ಳಿ. ಈ ವಯಸ್ಸು ದಾಟಿದ ನಾಯಿಯ ರಾತ್ರಿ ಬದಲಾಗಿದ್ದರೆ ಮುಂದಿನದು ನಿಮಗಾಗಿ.

ಒಂದು ವಾರ ನೋಡಿ, ಬರೆದಿಡಿ

ಅಪಾಯದ ಲಕ್ಷಣ ಇಲ್ಲದಿದ್ದರೆ (ಅವು ಮುಂದೆ ಬರುತ್ತವೆ) ಮೊದಲು ಒಂದು ಹಳೆಯ ನೋಟ್‌ಬುಕ್ ತೆಗೆದಿಡಿ. ಎಷ್ಟು ಗಂಟೆಗೆ ಎದ್ದಿತು, ಎಷ್ಟು ಹೊತ್ತು ತಿರುಗಾಡಿತು, ಏದುಸಿರು ಇತ್ತೇ, ಹೊರಗೆ ಬಿಟ್ಟರೆ ಮೂತ್ರ ಮಾಡಿತೇ, ನೀವು ಪಕ್ಕದಲ್ಲಿ ಕುಳಿತರೆ ಸುಮ್ಮನಾಯಿತೇ ಎಂಬಿಷ್ಟು ಸಾಕು. ಜೊತೆಗೆ ಮೊಬೈಲಿನಲ್ಲಿ ಎರಡು ಮೂರು ವಿಡಿಯೊ. ಆಸ್ಪತ್ರೆಯ ಮೇಜಿನ ಮೇಲೆ ನಿಂತ ನಾಯಿ ಹೆದರಿ ಗಪ್ಪಾಗಿರುತ್ತದೆ, ಕುಂಟುವ ನಾಯಿಯೂ ಅಲ್ಲಿ ನೆಟ್ಟಗೆ ನಡೆಯುತ್ತದೆ. ರಾತ್ರಿ ಎರಡು ಗಂಟೆಗೆ ಅದು ಹೇಗಿರುತ್ತದೆಂದು ಡಾಕ್ಟರಿಗೆ ತೋರಿಸಲು ಬೇರೆ ದಾರಿ ಇಲ್ಲ.

ತೋಟದ ಮನೆಯವರು ಇನ್ನೊಂದು ಗಮನಿಸಬೇಕು. ನಾಯಿ ಕಿವಿ ನಿಮಿರಿಸಿ ತೋಟದ ಕಡೆಗೆ ಮುಖಮಾಡಿ ಬೊಗಳುತ್ತಿದ್ದರೆ ಅಲ್ಲಿ ಕಾಡುಹಂದಿಯೋ ಮುಳ್ಳುಹಂದಿಯೋ ಬಂದಿರಬಹುದು. ಅದು ರೋಗವಲ್ಲ, ಅದರ ಕೆಲಸ. ಗೋಡೆಗೆ ಮುಖಮಾಡಿ ನಿಂತು ಒಂದೇ ಸಮನೆ, ಒಂದೇ ಧಾಟಿಯಲ್ಲಿ ಕೂಗುವುದು ಬೇರೆ ಸಂಗತಿ.

ಇನ್ನೊಂದು ಅಳತೆ ಎಲ್ಲರೂ ಕಲಿಯಬೇಕಾದ್ದು. ನಾಯಿ ಗಾಢ ನಿದ್ದೆಯಲ್ಲಿರುವಾಗ ಎದೆ ಏರಿಳಿಯುವುದನ್ನು ಒಂದು ನಿಮಿಷ ಎಣಿಸಿ. ಏರಿ ಇಳಿದರೆ ಒಂದು. ಸಾಮಾನ್ಯವಾಗಿ 30ಕ್ಕಿಂತ ಕಡಿಮೆ ಇರಬೇಕು. ತಂಪು ಹೊತ್ತಿನಲ್ಲೂ ಮತ್ತೆ ಮತ್ತೆ 30 ದಾಟುತ್ತಿದ್ದರೆ, ಅದರಲ್ಲೂ ಮಲಗಿದಾಗ ಕೆಮ್ಮು ಬರುತ್ತಿದ್ದರೆ, ಹೃದಯ ಅಥವಾ ಶ್ವಾಸಕೋಶದ ಪರೀಕ್ಷೆ ಆಗಲೇಬೇಕು. ಮುದಿ ನಾಯಿಗಳಲ್ಲಿ, ಮುಖ್ಯವಾಗಿ ಸಣ್ಣ ತಳಿಗಳಲ್ಲಿ, ಹೃದಯದ ಕವಾಟ ಸಡಿಲಾಗುವುದು ಸಾಮಾನ್ಯ. ಮಲಗಿದರೆ ಉಸಿರು ಕಟ್ಟುತ್ತದೆಂದೇ ಅವು ರಾತ್ರಿಯೆಲ್ಲ ಕುಳಿತು ತೂಕಡಿಸುತ್ತವೆ.

ಬೆಳಗಾಗಲಿ ಎಂದು ಕಾಯಬಾರದ ರಾತ್ರಿಗಳು

ಹೊಟ್ಟೆ ಉಬ್ಬಿ, ವಾಂತಿ ಬಂದಂತೆ ಮಾಡಿ ಏನೂ ಹೊರಬಾರದೆ ನಾಯಿ ಚಡಪಡಿಸುತ್ತಿದ್ದರೆ ಹೊಟ್ಟೆ ತಿರುಚಿಕೊಂಡಿರಬಹುದು. ದೊಡ್ಡ ತಳಿಗಳಲ್ಲಿ ಇದು ಗಂಟೆಗಳೊಳಗೆ ಜೀವ ತೆಗೆಯುತ್ತದೆ. ಒಸಡು ನೀಲಿಯಾಗಿಯೋ ಬಿಳಿಚಿಕೊಂಡೋ ಇದ್ದರೆ, ಮೂತ್ರಕ್ಕೆ ತಿಣುಕಿದರೂ ಹನಿ ಬಾರದಿದ್ದರೆ, ಫಿಟ್ಸ್ ಐದು ನಿಮಿಷ ದಾಟಿದರೆ ಅಥವಾ ಒಂದರ ಹಿಂದೆ ಒಂದು ಬಂದರೆ ಆ ಹೊತ್ತಿಗೇ ಹೊರಡಿ. ಸಂತಾನಹರಣ ಆಗದ ಹೆಣ್ಣುನಾಯಿ ಬೆದೆ ಮುಗಿದು ಒಂದೆರಡು ತಿಂಗಳೊಳಗೆ ವಿಪರೀತ ನೀರು ಕುಡಿಯುತ್ತ ಊಟ ಬಿಟ್ಟಿದ್ದರೆ ಗರ್ಭಕೋಶದಲ್ಲಿ ಕೀವು ತುಂಬಿರುವ ಸಂಭವ ಇದೆ. ಇದೂ ತುರ್ತೇ.

ಕನಸಿಗೂ ಫಿಟ್ಸಿಗೂ ವ್ಯತ್ಯಾಸ ಹೀಗೆ: ಕನಸಿನಲ್ಲಿ ಕಾಲು ಅದುರುತ್ತದೆ, ಮೆಲ್ಲಗೆ ಕುಂಯ್ ಅನ್ನುತ್ತದೆ, ಹೆಸರು ಹಿಡಿದು ಕರೆದರೆ ಎಚ್ಚರವಾಗುತ್ತದೆ. ಫಿಟ್ಸಿನಲ್ಲಿ ಮೈ ಸೆಟೆಯುತ್ತದೆ, ಕರೆದರೆ ಗೊತ್ತಾಗುವುದಿಲ್ಲ, ಅಲ್ಲೇ ಮೂತ್ರ ಹೋಗಬಹುದು, ಮುಗಿದ ಮೇಲೂ ಸ್ವಲ್ಪ ಹೊತ್ತು ದಿಕ್ಕು ತೋಚದೆ ಅಲೆಯುತ್ತದೆ. ಇನ್ನು, ಒಮ್ಮೆಲೇ ತಲೆ ಒಂದು ಕಡೆ ವಾಲಿ, ಕಣ್ಣುಗುಡ್ಡೆ ಅತ್ತಿತ್ತ ಓಡಾಡಿ, ನಾಯಿ ಬೀಳುತ್ತಿದ್ದರೆ ‘ಪಾರ್ಶ್ವವಾಯು, ಮುಗಿಯಿತು’ ಎಂದು ಕೈಬಿಡಬೇಡಿ. ಮುದಿ ನಾಯಿಗಳಲ್ಲಿ ಒಳಕಿವಿಯ ಸಮತೋಲ ತಪ್ಪಿಯೂ ಹೀಗಾಗುತ್ತದೆ, ಬಹಳಷ್ಟು ನಾಯಿಗಳು ಕೆಲವು ದಿನ, ವಾರಗಳಲ್ಲಿ ಚೇತರಿಸಿಕೊಳ್ಳುತ್ತವೆ. ಡಾಕ್ಟರಿಗೆ ತೋರಿಸುವುದಂತೂ ಬೇಕು.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ರಾತ್ರಿ ಪಶುವೈದ್ಯರು ಸಿಗುವುದು ಸುಲಭವಲ್ಲ. ಘಟ್ಟದ ಮೇಲಿನವರು ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೋ ಹುಬ್ಬಳ್ಳಿಗೋ ಹೋಗುತ್ತಾರೆ, ಕಾರವಾರದ ಕಡೆಯವರಿಗೆ ಗೋವಾ ಹತ್ತಿರ. ಯಾರ ಬಳಿ, ಯಾವ ವಾಹನದಲ್ಲಿ ಹೋಗುವುದು ಎಂದು ಹಗಲೇ ನಿಶ್ಚಯಿಸಿ, ನಂಬರು ಗೋಡೆಗೆ ಅಂಟಿಸಿಡಿ. ಮಳೆಗಾಲದಲ್ಲಿ ಘಟ್ಟದ ರಸ್ತೆ ಬಂದ್ ಆದರೆ ಎತ್ತ ಸುತ್ತಿ ಹೋಗುವುದು ಎಂಬುದನ್ನೂ.

ನೋವನ್ನು ಮೊದಲು ಹುಡುಕಿ

ನೋವಿದ್ದರೆ ನಾಯಿ ಅಳುತ್ತದೆ ಎಂದು ನಾವು ತಿಳಿಯುತ್ತೇವೆ. ಸಂದುನೋವಿನ ನಾಯಿ ಸಾಮಾನ್ಯವಾಗಿ ಅಳುವುದಿಲ್ಲ. ಮಲಗುತ್ತದೆ, ಏಳುತ್ತದೆ, ಜಾಗ ಬದಲಿಸುತ್ತದೆ, ಮತ್ತೆ ಮಲಗುತ್ತದೆ. ಮುಂಗಾಲಿನ ಮಣಿಕಟ್ಟನ್ನು ನೆಕ್ಕುತ್ತ ಕೂರುತ್ತದೆ. ಅಂಗಳದಿಂದ ಜಗಲಿಗೆ ಒಂದೇ ನೆಗೆತಕ್ಕೆ ಏರುತ್ತಿದ್ದದ್ದು ಈಗ ಮೆಟ್ಟಿಲ ಬುಡದಲ್ಲಿ ನಿಂತು ಯೋಚಿಸುತ್ತದೆ. ಬೆಳಿಗ್ಗೆ ಎದ್ದಾಗ ಹಿಂಗಾಲು ಗಟ್ಟಿಯಾಗಿ, ಹತ್ತು ಹೆಜ್ಜೆ ನಡೆದ ಮೇಲೆ ಸಡಿಲವಾಗುತ್ತದೆ. ಹಲ್ಲುನೋವೂ ಹೀಗೇ ಗುಟ್ಟಿನದು: ಬಾಯಿ ವಾಸನೆ, ಒಂದೇ ದವಡೆಯಲ್ಲಿ ಜಗಿಯುವುದು.

ಡಾಕ್ಟರು ಕೆಲವೊಮ್ಮೆ ಎರಡು ವಾರ ನೋವಿನ ಔಷಧಿ ಕೊಟ್ಟು ನೋಡುತ್ತಾರೆ. ಅಷ್ಟರಿಂದಲೇ ರಾತ್ರಿ ಶಾಂತವಾದರೆ ಕಾರಣ ಸಿಕ್ಕಿತು. ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು: ಮನೆಯ ಔಷಧಿ ಡಬ್ಬಿಯಿಂದ ಏನನ್ನೂ ಕೊಡಬೇಡಿ. ಐಬುಪ್ರೊಫೆನ್, ಡೈಕ್ಲೋಫೆನಾಕ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು, ರಕ್ತಸ್ರಾವ ತರುತ್ತವೆ, ಮೂತ್ರಪಿಂಡ ಕೆಡಿಸುತ್ತವೆ. ಪ್ಯಾರಾಸಿಟಮಾಲ್ ಪ್ರಮಾಣ ಮೀರಿದರೆ ಯಕೃತ್ತು ಹೋಗುತ್ತದೆ. ನಾಯಿಗೆಂದೇ ಇರುವ ಮೆಲಾಕ್ಸಿಕ್ಯಾಮ್, ಕಾರ್ಪ್ರೊಫೆನ್ ಇವೆ, ಅವಕ್ಕೂ ಮೊದಲು ರಕ್ತಪರೀಕ್ಷೆ ಮಾಡಿಸುವುದು ಒಳ್ಳೆಯದು.

ಮನೆಯಲ್ಲಿ ಮಾಡಬೇಕಾದ್ದು ನೆಲದಿಂದ ಶುರು. ಕೆಂಪು ಕಾವಿಯ ನುಣುಪು ನೆಲ, ಹೊಸ ಮನೆಯ ಟೈಲ್ಸ್ ಎರಡೂ ಸೊಂಟ ಸೋತ ನಾಯಿಗೆ ಶತ್ರು. ಹಾಸಿಗೆಯಿಂದ ನೀರಿನ ಪಾತ್ರೆಗೆ, ಅಲ್ಲಿಂದ ಬಾಗಿಲಿಗೆ ತೆಂಗಿನ ನಾರಿನ ಮ್ಯಾಟೋ ಹಳೆ ಗೋಣಿಚೀಲವೋ ಜಾರದಂತೆ ಹಾಸಿ. ಮಲಗಲು ಮೂರು ನಾಲ್ಕು ಮಡಿಕೆಯ ಕಂಬಳಿ ಇರಲಿ, ಮೊಣಕೈ ನೆಲಕ್ಕೆ ತಾಗಬಾರದು. ಮಳೆಗಾಲದ ಥಂಡಿಗೆ ಒಣಗಿದ, ಬೆಚ್ಚಗಿನ ಜಾಗ ಬೇಕು. ಬಚ್ಚಲೊಲೆಯ ಗೋಡೆಯ ಪಕ್ಕ ಒಳ್ಳೆಯ ಸ್ಥಳ, ಒಲೆಯ ಬಾಯಿಗೆ ಮಾತ್ರ ಹತ್ತಿರ ಬೇಡ. ಏಪ್ರಿಲ್-ಮೇ ತಿಂಗಳ ಕರಾವಳಿ ಸೆಖೆಯಲ್ಲಿ ಇದರ ತದ್ವಿರುದ್ಧ: ಹಾಸಿಗೆಯ ಪಕ್ಕ ಬರಿ ನೆಲವೂ ಇರಲಿ, ಫ್ಯಾನ್ ಗಾಳಿ ತಾಗಲಿ. ಎಲ್ಲಿ ಮಲಗಬೇಕೆಂದು ನಾಯಿಯೇ ಆರಿಸಿಕೊಳ್ಳಲಿ.

ಉಣುಗು ಕಚ್ಚಿದ ಜ್ವರದಲ್ಲೂ ಮೈಕೈ ನೋಯುತ್ತದೆ. ಸೊಪ್ಪಿನಬೆಟ್ಟ ಸುತ್ತುವ ನಾಯಿಯ ಕಿವಿಯೊಳಗೆ, ಕಾಲ್ಬೆರಳ ಸಂದಿಯಲ್ಲಿ ಸಂಜೆ ಕೈಯಾಡಿಸುವ ರೂಢಿ ಇರಲಿ.

ನೀರು, ಮೂತ್ರ

ಎಷ್ಟೋ ಮುದಿ ನಾಯಿಗಳು ಕೂಗುವುದು ಬಾಗಿಲು ತೆಗೆಯಿರಿ ಎಂದು. ಒಳಗೆ ಮಾಡಬಾರದೆಂಬ ಹಳೆಯ ಶಿಸ್ತು ಬಿಟ್ಟಿಲ್ಲ, ತಡೆಯುವ ಶಕ್ತಿ ಹೋಗಿದೆ. ಸಕ್ಕರೆ ಕಾಯಿಲೆ, ಮೂತ್ರಪಿಂಡದ ಕಾಯಿಲೆ, ಕುಶಿಂಗ್ಸ್ ರೋಗ (ಮೈಯಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನು ಹೆಚ್ಚಾಗುವುದು) ಮೂರರಲ್ಲೂ ನೀರು ಕುಡಿಯುವುದು ಹೆಚ್ಚುತ್ತದೆ. ಒಂದು ಲೀಟರ್ ಬಾಟಲಿಯಲ್ಲಿ ಅಳೆದು ಹಾಕಿ, ಇಪ್ಪತ್ನಾಲ್ಕು ಗಂಟೆಯ ನಂತರ ಉಳಿದದ್ದನ್ನು ಕಳೆಯಿರಿ. ಕಿಲೋಗೆ 100 ಮಿಲಿಲೀಟರ್ ದಾಟಿದರೆ, ಅಂದರೆ 10 ಕಿಲೋ ನಾಯಿ ದಿನಕ್ಕೆ ಒಂದು ಲೀಟರ್‌ಗಿಂತ ಹೆಚ್ಚು ಕುಡಿದರೆ, ರಕ್ತ ಮತ್ತು ಮೂತ್ರ ಪರೀಕ್ಷೆ ಮಾಡಿಸಿ. ಮೂತ್ರ ಮಾಡುತ್ತದೆಂದು ರಾತ್ರಿ ನೀರಿನ ಪಾತ್ರೆ ಎತ್ತಿಡುವವರಿದ್ದಾರೆ. ಮೂತ್ರಪಿಂಡ ಸೋತ ನಾಯಿಗೆ ಇದು ಪ್ರಾಣಾಪಾಯ, ದಯವಿಟ್ಟು ಮಾಡಬೇಡಿ. ನೀವು ಮಲಗುವ ಮುನ್ನ ಒಮ್ಮೆ, ಬೇಕಿದ್ದರೆ ಎರಡು ಗಂಟೆಗೆ ಅಲಾರಾಂ ಇಟ್ಟು ಇನ್ನೊಮ್ಮೆ ಹೊರಗೆ ಕರೆದೊಯ್ಯಿರಿ. ಜೋರು ಮಳೆಯಲ್ಲಿ ಕೊಟ್ಟಿಗೆಯ ಮಾಡಿನಡಿ ಒಂದು ಮೂಲೆ ಗೊತ್ತುಮಾಡಿದರೆ ಇಬ್ಬರಿಗೂ ಅನುಕೂಲ.

ಕತ್ತಲೆಯ ಭಯ

ಮುದಿ ನಾಯಿಯ ಕಣ್ಣಿನ ನೀಲಿಬೂದು ಮಂಜೆಲ್ಲ ಪೊರೆಯಲ್ಲ. ಹೆಚ್ಚಾಗಿ ಅದು ವಯಸ್ಸಿಗೆ ಮಸೂರ ಗಟ್ಟಿಯಾಗುವುದು, ದೃಷ್ಟಿ ಅಷ್ಟೇನೂ ಹೋಗಿರುವುದಿಲ್ಲ. ಆದರೆ ನಿಜವಾದ ಪೊರೆ ಬಂದಿದ್ದರೆ ಅಥವಾ ಅಕ್ಷಿಪಟ ಸವೆದಿದ್ದರೆ ಮಂದ ಬೆಳಕಿನಲ್ಲಿ ತಡವರಿಸುವುದು ಸಹಜ. ಅದರ ಮೇಲೆ ಕಿವಿಯೂ ಕೇಳದಾದರೆ ಕರೆಂಟು ಹೋದ ಆಷಾಢದ ರಾತ್ರಿ ಅದಕ್ಕೆ ಮನೆಯವರೆಲ್ಲ ಮಾಯವಾದಂತೆ. ಆಗ ಕೂಗಿ ಕರೆಯದೆ ಇನ್ನೇನು ಮಾಡೀತು?

ಅದರ ಹಾಸಿಗೆಯ ಹತ್ತಿರ, ಬಾಗಿಲ ಹತ್ತಿರ ಸಣ್ಣ ರಾತ್ರಿದೀಪ ಹಾಕಿ. ಪ್ಲಗ್ಗಿನ ದೀಪವೊಂದೇ ನಂಬಿದರೆ ನಮ್ಮ ಮಳೆಗಾಲದಲ್ಲಿ ನಡೆಯುವುದಿಲ್ಲ, ಚಾರ್ಜ್ ಆಗುವ ಎಮರ್ಜೆನ್ಸಿ ಬಲ್ಬ್ ಇರಲಿ. ಮೇಜು, ಮಂಚ, ಅಕ್ಕಿಮೂಟೆಯ ಜಾಗ ಬದಲಿಸಬೇಡಿ. ಮಲಗಿರುವಾಗ ಹಿಂದಿನಿಂದ ಮುಟ್ಟದೆ, ನೆಲ ತಟ್ಟಿ ಅಥವಾ ಮೂಗಿನ ಮುಂದೆ ಕೈ ಹಿಡಿದು ಎಬ್ಬಿಸಿ. ಬೆಚ್ಚಿಬಿದ್ದ ನಾಯಿ ಕಚ್ಚಿದರೆ ತಪ್ಪು ಅದರದ್ದಲ್ಲ, ಮಕ್ಕಳಿಗೆ ಇದನ್ನು ಹೇಳಿಕೊಡಿ.

ಹೊರಗೆ ಕಟ್ಟುವ ವಿಷಯ. ಕಾಡಂಚಿನ ಮನೆಗಳ ಅಂಗಳಕ್ಕೆ ಚಿರತೆ ಬರುವುದು ಹೆಚ್ಚಾಗಿ ನಾಯಿಯ ಆಸೆಗೆ. ಕಣ್ಣು ಕಿವಿ ಮಂದವಾದ, ಓಡಲಾರದ ನಾಯಿಯನ್ನು ಸರಪಳಿ ಹಾಕಿ ಹೊರಗೆ ಬಿಟ್ಟು ‘ಯಾಕೆ ಕೂಗುತ್ತದೆ’ ಎಂದು ಕೇಳಬಾರದು. ಒಳಗೆ ಕರೆದುಕೊಳ್ಳಿ. ನಡುಮನೆಗೆ ನಾಯಿ ಬರಕೂಡದು ಎನ್ನುವ ಹಿರಿಯರಿದ್ದರೆ ಜಗಲಿಯ ಒಂದು ಮೂಲೆಗೆ ತಟ್ಟಿ ಕಟ್ಟಿ, ಅಲ್ಲೇ ಪಕ್ಕದಲ್ಲಿ ಮನೆಯವರೊಬ್ಬರು ಮಲಗಿದರೂ ಆಯಿತು. ಎಷ್ಟೋ ಮನೆಗಳಲ್ಲಿ ಅಜ್ಜನ ಮಂಚ ಅಲ್ಲೇ ಇರುತ್ತದೆ.

ಮಿದುಳು ಸವೆದಾಗ

ನೋವು, ಮೂತ್ರ, ಹೃದಯ, ಕಣ್ಣು, ಕಿವಿ ನೋಡಿಯಾದ ಮೇಲೂ ರಾತ್ರಿ ಸರಿಯಾಗದಿದ್ದರೆ ಮರೆವಿನ ರೋಗದ ಕಡೆ ಬರಬೇಕು. ಮನುಷ್ಯರ ಆಲ್ಝೈಮರ್ಸ್‌ನಲ್ಲಿ ಮಿದುಳಿನಲ್ಲಿ ಸೇರುವ ಅಮಿಲಾಯ್ಡ್ ಎಂಬ ಪ್ರೋಟೀನು ಮುದಿ ನಾಯಿಯ ಮಿದುಳಿನಲ್ಲೂ ಸೇರುತ್ತದೆ. ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದ ಪಶುವೈದ್ಯರು 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 11–12 ವರ್ಷದ ನಾಯಿಗಳಲ್ಲಿ ಶೇ. 28ರಷ್ಟಕ್ಕೆ, 15–16 ವರ್ಷದವುಗಳಲ್ಲಿ ಶೇ. 68ರಷ್ಟಕ್ಕೆ ಇದರ ಒಂದಾದರೂ ಲಕ್ಷಣ ಕಂಡಿತ್ತು. ಅಪರೂಪದ ರೋಗವಲ್ಲ, ಹೆಸರಿಟ್ಟು ಗುರುತಿಸುವವರು ಕಡಿಮೆ ಅಷ್ಟೆ.

ನಮ್ಮ ಮನೆಯ ಕೆಂಚನಲ್ಲಿ ಅದು ಮೊದಲು ಕಂಡದ್ದು ಬಾಗಿಲಲ್ಲಿ. ಹೊರಗೆ ಹೋಗಬೇಕಾದಾಗ ಬಾಗಿಲು ತೆರೆಯುವ ಬದಿಗೆ ಹೋಗದೆ ಬಿಜಾಗರಿಯ ಬದಿಗೆ ಹೋಗಿ, ಸಂದಿಗೆ ಮೂಗಿಟ್ಟು ನಿಂತುಬಿಡುತ್ತಿದ್ದ. ಬಾಗಿಲು ತೆರೆದೇ ಇದ್ದರೂ ಅಲ್ಲೇ. ಬಾಲ ಮೆಲ್ಲಗೆ ಅಲ್ಲಾಡುತ್ತಿತ್ತು, ಇನ್ನೇನು ತೆರೆಯುತ್ತದೆ ಎಂಬ ನಂಬಿಕೆಯಲ್ಲಿ. ಆಮೇಲೆ ಬಚ್ಚಲ ಹಂಡೆಯ ಹಿಂದೆ ಹೊಕ್ಕು, ಹಿಂದಕ್ಕೆ ಹೆಜ್ಜೆ ಇಟ್ಟರೆ ಹೊರಬರಬಹುದು ಎಂಬುದು ಹೊಳೆಯದೆ ಅಲ್ಲೇ ನಿಂತು ಕೂಗುವುದು ಶುರುವಾಯಿತು. ಹಗಲಿಡೀ ನಿದ್ದೆ, ಸಂಜೆ ದೀಪ ಹಚ್ಚುವ ಹೊತ್ತಿನಿಂದ ಚಡಪಡಿಕೆ. ಗೋಡೆ ದಿಟ್ಟಿಸುವುದು, ಒಂದೇ ದಿಕ್ಕಿಗೆ ಸುತ್ತುವುದು, ಪರಿಚಯದವರನ್ನು ಕಂಡು ಗುರುಗುಡುವುದು, ಒಳಗೆ ಮೂತ್ರ ಮಾಡುವುದು ಇದೇ ಸಾಲಿಗೆ ಸೇರುತ್ತವೆ. ಇಂಥ ನಾಯಿ ಹೊಕ್ಕು ಸಿಕ್ಕಿಕೊಳ್ಳುವ ಸಂದುಗಳನ್ನೆಲ್ಲ ಹಲಗೆಯಿಂದ ಮುಚ್ಚಿ. ಬಾವಿಕಟ್ಟೆ, ತೋಟದ ಹೊಂಡ, ಮೆತ್ತಿನ (ಅಟ್ಟದ) ಏಣಿಗೆ ಅಡ್ಡ ಕಟ್ಟಿ.

ರಾತ್ರಿ ಸರಿಯಾಗಬೇಕಾದರೆ ಹಗಲು ಸರಿಯಾಗಬೇಕು

ನನ್ನ ಮಟ್ಟಿಗೆ ಎಲ್ಲಕ್ಕಿಂತ ಹೆಚ್ಚು ಫಲ ಕೊಡುವ ಕೆಲಸ ಇದು, ಜನ ಅತಿ ಕಡಿಮೆ ಮಾಡುವುದೂ ಇದನ್ನೇ. ಬೆಳಿಗ್ಗೆ ಎಳೆಬಿಸಿಲಿಗೆ ಅರ್ಧ ತಾಸು ಅಂಗಳದಲ್ಲಿರಲಿ. ಹಗಲು-ರಾತ್ರಿಯ ಲೆಕ್ಕ ತಪ್ಪಿದ ಮಿದುಳಿಗೆ ಬೆಳಕೇ ಗಡಿಯಾರ. ಮಧ್ಯಾಹ್ನದ ನಿದ್ದೆ ಇರಲಿ, ಆದರೆ ನಾಲ್ಕು ಗಂಟೆಗೆ ಮೆಲ್ಲಗೆ ಎಬ್ಬಿಸಿ ನಡೆಸಿ. ದೂರ ಬೇಡ, ವೇಗವೂ ಬೇಡ. ಮೂಸುತ್ತ ಮೂಸುತ್ತ ಗದ್ದೆ ಅಂಚಿನಲ್ಲೋ ಕಡಲ ದಂಡೆಯಲ್ಲೋ ಹೋಗಲಿ. ಮೂಗಿಗೆ ಕೆಲಸ ಸಿಕ್ಕಿದರೆ ನಾಯಿ ದಣಿಯುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲೂ ಇಲ್ಲ, ತಿರುಗಾಟವೂ ಇಲ್ಲ. ಆಗ ಜಗಲಿಯಲ್ಲೇ ನಾಲ್ಕು ತೆಂಗಿನ ಗರಟೆ ಕವುಚಿಟ್ಟು ಎರಡರ ಕೆಳಗೆ ಊಟದ ತುತ್ತು ಅಡಗಿಸಿಡಿ. ಹುಡುಕಿ ತಿನ್ನಲಿ. ಗರಟೆ ಒರಟಾಗಿದ್ದರೆ ಅಂಚು ಉಜ್ಜಿ ನುಣ್ಣಗೆ ಮಾಡಿಡಿ.

ಸಂಜೆಯ ಕ್ರಮ ದಿನವೂ ಒಂದೇ ಇರಲಿ: ಏಳಕ್ಕೆ ಊಟ, ಒಂಬತ್ತೂವರೆಗೆ ಕೊನೆಯ ಸಲ ಹೊರಗೆ, ಮಲಗುವ ಜಾಗದಲ್ಲಿ ದೀಪ, ಟಿವಿಯ ಸದ್ದು ಕಡಿಮೆ. ಹಸಿದು ಏಳುವ ನಾಯಿಗೆ ಮಲಗುವ ಮುನ್ನ ಒಂದು ಸಣ್ಣ ಹಿಡಿ ಊಟ ಕೊಡಬಹುದು. ಈರುಳ್ಳಿ, ಬೆಳ್ಳುಳ್ಳಿ ಹಾಕಿದ ಸಾರು ಬೇಡ.

ಎರಡು ಗಂಟೆಗೆ ಎದ್ದಾಗ

ಬೈಯಬೇಡಿ. ಅದಕ್ಕೆ ಬೈಗುಳ ಅರ್ಥವಾಗುವುದಿಲ್ಲ, ಭಯ ಇಮ್ಮಡಿಯಾಗುತ್ತದೆ ಅಷ್ಟೇ. ಸಣ್ಣ ದೀಪ ಹಚ್ಚಿ, ಎದುರಿನಿಂದ ಹೋಗಿ, ಕುತ್ತಿಗೆಗೆ ಪಟ್ಟಿ ಹಾಕಿ ಹೊರಗೆ ಕರೆದೊಯ್ಯಿರಿ. ಮೂತ್ರ ಆಯಿತೇ, ವಾಪಸ್. ಹಾಸಿಗೆಯಲ್ಲಿ ಮಲಗಿಸಿ ಎದೆಯ ಪಕ್ಕ ಅಂಗೈ ಇಟ್ಟು, ಉಸಿರು ನಿಧಾನವಾಗುವವರೆಗೆ ಕುಳಿತಿರಿ. ಆಟ, ಬಿಸ್ಕತ್ತು, ಮಾತು ಬೇಡ. ರಾತ್ರಿ ಎದ್ದರೆ ತಿಂಡಿ ಸಿಗುತ್ತದೆಂಬುದನ್ನು ಮರೆವಿನ ನಾಯಿಯೂ ಬೇಗ ಕಲಿಯುತ್ತದೆ. ಮನೆಯವರು ಸರದಿ ಮಾಡಿಕೊಳ್ಳಿ. ಒಬ್ಬರೇ ತಿಂಗಳುಗಟ್ಟಲೆ ನಿದ್ದೆಗೆಟ್ಟರೆ ಪ್ರೀತಿಯೂ ಸಿಡುಕಾಗುತ್ತದೆ.

ಗುಡುಗು, ದೀಪಾವಳಿ ಪಟಾಕಿ, ಎರಡು ವರ್ಷಕ್ಕೊಮ್ಮೆ ಬರುವ ಶಿರಸಿ ಮಾರಿಕಾಂಬಾ ಜಾತ್ರೆಯ ಗದ್ದಲ ಮೊದಲೇ ಗೊತ್ತಿರುವಂಥವು. ಆ ದಿನಗಳಿಗೆ ಮುಂಚೆ ಡಾಕ್ಟರ ಬಳಿ ಮಾತಾಡಿ ಹೆದರಿಕೆಯ ಔಷಧಿ ತಂದಿಡಿ.

ಔಷಧಿ, ಎಣ್ಣೆ

ಮರೆವಿನ ರೋಗಕ್ಕೆ ಸೆಲೆಜಿಲಿನ್ ಎಂಬ ಔಷಧಿ ಇದೆ, ಮನುಷ್ಯರ ಪಾರ್ಕಿನ್ಸನ್ಸ್‌ಗೂ ಅದನ್ನೇ ಕೊಡುತ್ತಾರೆ. ಫಲ ಕಾಣಲು ಒಂದು ತಿಂಗಳಾದರೂ ಬೇಕು, ಎಲ್ಲ ನಾಯಿಗೂ ಕಾಣುವುದಿಲ್ಲ. ನಮ್ಮ ಕಡೆಯವರು ಮರೆಯದೆ ಹೇಳಬೇಕಾದ ಸಂಗತಿ: ಉಣುಗಿಗೆಂದು ಅಮಿಟ್ರಾಜ್ ಔಷಧಿಯಲ್ಲಿ ಮೈ ತೊಳೆಸುತ್ತಿದ್ದರೆ ಡಾಕ್ಟರಿಗೆ ತಿಳಿಸಿ. ಸೆಲೆಜಿಲಿನ್ ಜೊತೆ ಅದು ಕೂಡದು. ಟ್ರಮಡಾಲ್, ಟ್ರಾಜೊಡೋನ್‌ನಂಥ ಮಾತ್ರೆಗಳೂ ಸೆಲೆಜಿಲಿನ್ ಜೊತೆ ಅಪಾಯಕಾರಿ, ಹಾಗಾಗಿ ಈಗ ಕೊಡುತ್ತಿರುವ ಔಷಧಿಯನ್ನೆಲ್ಲ ಚೀಲದಲ್ಲಿ ಹಾಕಿ ಒಯ್ಯಿರಿ. ನಿದ್ದೆಗೆ, ಚಡಪಡಿಕೆಗೆ ಕೊಡುವ ಮೆಲಟೋನಿನ್, ಗ್ಯಾಬಾಪೆಂಟಿನ್, ಟ್ರಾಜೊಡೋನ್ ಇವುಗಳಲ್ಲಿ ಯಾವುದು, ಎಷ್ಟು ಎಂಬುದು ಅವರ ತೀರ್ಮಾನ. ಮನುಷ್ಯರ ಸಿರಪ್, ಗಮ್ಮಿಗಳಲ್ಲಿ ಕ್ಸೈಲಿಟಾಲ್ ಎಂಬ ಸಿಹಿ ಇರಬಹುದು, ನಾಯಿಗೆ ಅದು ವಿಷ.

‘ಕೊಬ್ಬರಿ ಎಣ್ಣೆ ಕೊಟ್ಟರೆ ಮಿದುಳಿಗೆ ಒಳ್ಳೆಯದಂತೆ’ ಎಂದು ಕೇಳುವವರು ಬಹಳ. ಮಧ್ಯಮ ಸರಪಳಿಯ ಕೊಬ್ಬು (ಬೇಗ ಜೀರ್ಣವಾಗಿ ಶಕ್ತಿ ಕೊಡುವ ಬಗೆ) ಸೇರಿಸಿದ ಆಹಾರದಿಂದ ಮುದಿ ನಾಯಿಗಳ ಕಲಿಕೆ ಸುಧಾರಿಸಿದ್ದು ನಿಜ. ಆದರೆ ಕೊಬ್ಬರಿ ಎಣ್ಣೆಯಲ್ಲಿ ಹೆಚ್ಚಿನ ಪಾಲು ಲಾರಿಕ್ ಆಮ್ಲ, ಆ ಪ್ರಯೋಗಗಳ ಕೊಬ್ಬು ಬೇರೆ. ಚಮಚಗಟ್ಟಲೆ ಹಾಕಿದರೆ ಭೇದಿ, ಮೇದೋಜೀರಕದ ಉರಿಯೂತ ಬರಬಹುದು. ಕರಾವಳಿಯವರಿಗೆ ಸುಲಭದ ದಾರಿ ಮೀನು: ಉಪ್ಪು ಖಾರ ಇಲ್ಲದೆ ಬೇಯಿಸಿ, ಮುಳ್ಳು ಪೂರ್ತಿ ಬಿಡಿಸಿದ ಬಂಗಡೆಯ ಒಂದು ತುಣುಕು. ಒಮೆಗಾ-3 ಸಿಗುತ್ತದೆ, ಸಂದಿಗೂ ಒಳ್ಳೆಯದು.

ಯಾವುದೂ ಸಾಲದೆ ಹೋದಾಗ

ಕ್ಯಾಲೆಂಡರಿನಲ್ಲಿ ಪ್ರತಿ ಬೆಳಿಗ್ಗೆ ಒಳ್ಳೆಯ ರಾತ್ರಿಗೆ ಸರಿ ಗುರುತು, ಕೆಟ್ಟದ್ದಕ್ಕೆ ಅಡ್ಡ ಗೆರೆ ಹಾಕಿ. ಔಷಧಿ ಬದಲಿಸಿದ ದಿನವನ್ನೂ ಬರೆಯಿರಿ. ಎಲ್ಲ ಮಾಡಿಯೂ ಅಡ್ಡ ಗೆರೆಗಳೇ ತುಂಬಿ, ನಾಯಿ ಊಟ ಬಿಟ್ಟು, ಹಗಲೂ ನಿಮ್ಮ ಕೈ ಮುಟ್ಟಿದ್ದು ಅದಕ್ಕೆ ಸಮಾಧಾನ ಕೊಡದಂತಾದರೆ ದಯಾಮರಣದ ಮಾತನ್ನು ಡಾಕ್ಟರ ಜೊತೆ ಆಡುವುದು ನಿರ್ದಯೆಯಲ್ಲ. ಮುದಿ ನಾಯಿಯನ್ನು ಘಟ್ಟದ ತಿರುವಿನಲ್ಲೋ ಮೀನು ಪೇಟೆಯಲ್ಲೋ ಬಿಟ್ಟು ಬರುವುದು ನಿರ್ದಯೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧವೂ ಹೌದು. ಮೊದಲು ಮಂಪರಿನ ಔಷಧಿ ಕೊಟ್ಟು ಆಮೇಲೆ ಕೊನೆಯ ಇಂಜೆಕ್ಷನ್ ಕೊಡುತ್ತಾರೆಯೇ, ಮನೆಗೇ ಬರುತ್ತಾರೆಯೇ, ಮನೆಯವರು ಪಕ್ಕದಲ್ಲಿರಬಹುದೇ ಎಂದು ಡಾಕ್ಟರನ್ನು ಮುಂಚಿತವಾಗಿಯೇ ಕೇಳಿಟ್ಟುಕೊಳ್ಳಿ.